ಮಳೆಗಾಲ ಕಂಡ 400-ಇನ್-1: ಏನು ರಿಪೇರಿ ಆಗುತ್ತೆ, ಏನು ಆಗಲ್ಲ

ಜಾತ್ರೆ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ನಾನೂರು ಐನೂರು ರೂಪಾಯಿಗೆ ಸಿಗುವ 400-ಇನ್-1 (ಒಂದರಲ್ಲೇ 400 ಗೇಮ್ ಎನ್ನುವ, ಕೈಯಲ್ಲಿ ಹಿಡಿದು ಆಡುವ) ವಿಡಿಯೋ ಗೇಮ್ ಸೆಟ್‌ಗೆ ಮಲೆನಾಡಿನ ಒಂದು ಮಳೆಗಾಲ ದಾಟುವುದೇ ಕಷ್ಟ. ಆಷಾಢ ಮುಗಿಯುವ ಹೊತ್ತಿಗೆ ಬಟನ್ ಕೇಳುವುದಿಲ್ಲ, ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿರುತ್ತದೆ, ಗಾಜಿನ ಒಳಗೆ ಬೂಷ್ಟು. ಇನ್ನೊಂದು ದೂರು ಅದಕ್ಕೂ ಹಳೆಯದು: "ಟಿವಿಗೆ ಹಾಕಿ ಆಡುತ್ತಿದ್ದ ಮಾರಿಯೋ ಹಾಗಿಲ್ಲ ಇದು." ಈ ಎರಡು ದೂರುಗಳನ್ನು ಒಂದಕ್ಕೊಂದು ಬೆರೆಸದೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಅಗ್ಗದ ಈ ಸೆಟ್‌ನ ಹೆಚ್ಚಿನ ತೊಂದರೆಗಳು ಬೆಸುಗೆ, ರಬ್ಬರು, ಬ್ಯಾಟರಿಯವು, ಅಂದರೆ ಸರಿಪಡಿಸಬಹುದಾದವು. ದುಬಾರಿ ಕಂಪನಿಗಳು ತಾವೇ ಹೊರತಂದ ಕೆಲವು ಕೈಗೇಮ್ ಆವೃತ್ತಿಗಳ ತೊಂದರೆ ಚಿತ್ರದಲ್ಲೇ ಇತ್ತು, ಅದಕ್ಕೆ ಯಾವ ಸೋಲ್ಡರೂ ಇಲ್ಲ.

ಇಲ್ಲಿರುವುದು ಹೊಸನಗರ ಕಡೆಯಿಂದ ಬಂದ ಒಂದು ಸೆಟ್‌ನ ಕೆಲಸ. ಲಕ್ಷಣಗಳು: ಬಿ ಬಟನ್ ಬಲವಾಗಿ ಒತ್ತಿದರೆ ಮಾತ್ರ ಕೆಲಸ, ಯಾರೂ ಮುಟ್ಟದಿದ್ದರೂ ಮಾರಿಯೋ ಆಗಾಗ ಎಡಕ್ಕೆ ನಡೆಯುತ್ತಾನೆ, ವಾಲ್ಯೂಮ್ ಏರಿಸಿದರೆ ಸೆಟ್ ರಿಸ್ಟಾರ್ಟ್ ಆಗಿ ಮೆನುಗೆ ಬರುತ್ತದೆ, ಪರದೆ ಮಂಕು, ಬ್ಯಾಟರಿ ಉಬ್ಬಿದೆ.

ಬೇಕಾದ ಸಾಮಾನು: ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, 25 ವ್ಯಾಟ್ ಸೋಲ್ಡರಿಂಗ್ ಐರನ್, ಫ್ಲಕ್ಸ್, 99% ಐಸೋಪ್ರೊಪೈಲ್ ಆಲ್ಕೋಹಾಲ್, ಇಯರ್ ಬಡ್ಸ್, ಹಳೇ ಹಲ್ಲುಜ್ಜುವ ಬ್ರಷ್, ಒಂದು ಬಿಎಲ್-5ಸಿ ಬ್ಯಾಟರಿ, ಪ್ರೊಟೆಕ್ಷನ್ ಇರುವ ಟಿಪಿ4056 ಚಾರ್ಜಿಂಗ್ ಮಾಡ್ಯೂಲ್, 3 ಕಿಲೋ ಓಮ್ ರೆಸಿಸ್ಟರ್, 470 ಮೈಕ್ರೋಫ್ಯಾರಡ್ 10 ವೋಲ್ಟ್ ಕೆಪಾಸಿಟರ್, ಸ್ವಲ್ಪ ಎಂ-ಸೀಲ್, ಕೆಟ್ಟುಹೋದ ಒಂದು ಟಿವಿ ರಿಮೋಟ್. ಬ್ಯಾಟರಿ ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಮಾಡ್ಯೂಲ್ ಮತ್ತು ಬಿಡಿಭಾಗಗಳಿಗೆ ಶಿವಮೊಗ್ಗದ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗೇ ಬರಬೇಕು, ಇಲ್ಲವೇ ತರಿಸಿಕೊಳ್ಳಬೇಕು.

ಬಿಚ್ಚುವಾಗ

ಮೊದಲು ಬ್ಯಾಟರಿ ಹೊರಗೆ. ಉಬ್ಬಿದ್ದರೆ ಸ್ಕ್ರೂಡ್ರೈವರ್ ಮೊನೆಯಿಂದ ಮೀಟಿ ತೆಗೆಯಬೇಡಿ; ಸೆಟ್ ತಿರುಗಿಸಿ ಅಂಗೈಗೆ ತಟ್ಟಿದರೆ ಬರುತ್ತದೆ, ಬರದಿದ್ದರೆ ಪ್ಲಾಸ್ಟಿಕ್ ಚೂರಿನಿಂದ ಅಂಚಿನಲ್ಲಿ ಎತ್ತಿ. ಸ್ಕ್ರೂಗಳಲ್ಲಿ ಒಂದೋ ಎರಡೋ ಬ್ಯಾಟರಿ ಗೂಡಿನ ಸ್ಟಿಕ್ಕರ್ ಕೆಳಗೆ ಅಡಗಿರುತ್ತವೆ. ಎಲ್ಲ ಬಿಚ್ಚಿದ ಮೇಲೂ ಚಿಪ್ಪು ಬಿಡುತ್ತಿಲ್ಲ ಅಂದರೆ ಅಲ್ಲೇ ನೋಡಿ, ಜಗ್ಗಬೇಡಿ. ಹಿಂದಿನ ಅರ್ಧಕ್ಕೆ ಸ್ಪೀಕರಿನ ಎರಡು ತಂತಿ, ಬ್ಯಾಟರಿ ಕಾಂಟ್ಯಾಕ್ಟಿನ ತಂತಿ ಹೋಗಿರುತ್ತವೆ. ಅವು ಕೂದಲೆಳೆಯಷ್ಟೇ ಗಟ್ಟಿ. ಪರದೆಯ ಪಟ್ಟಿ ಕೇಬಲ್ ಬೋರ್ಡಿಗೆ ನೇರ ಬೆಸುಗೆ ಆಗಿರುವುದೇ ಹೆಚ್ಚು. ಅದನ್ನು ಮಡಚಬೇಡಿ, ಪರದೆಯನ್ನು ಅಂಟಿನಿಂದ ಎಬ್ಬಿಸಲೂ ಬೇಡಿ. ಆ ಕೇಬಲ್ ಹೋದರೆ ಸೆಟ್ ಹೋಯಿತು.

ಬೋರ್ಡಿನ ನಡುವೆ ಕಪ್ಪು ಅಂಟಿನ ಬೊಟ್ಟು ಕಾಣುತ್ತದೆ. ಇಡೀ ಗೇಮ್ ಯಂತ್ರ ಅದರ ಕೆಳಗಿದೆ. 1983ರಲ್ಲಿ ಬಂದ ನಿಂಟೆಂಡೊ ಟಿವಿ ಗೇಮ್ ಯಂತ್ರ ಫ್ಯಾಮಿಕಾಮ್‌ನ ಪ್ರೊಸೆಸರ್, ಚಿತ್ರ ಬರೆಯುವ ಚಿಪ್, ಎಲ್ಲವನ್ನೂ ಒಂದೇ ತುಂಡಿಗೆ ಇಳಿಸಿದ ನಕಲು ಅದು. ಬೊಟ್ಟು ಕೆಟ್ಟರೆ ರಿಪೇರಿ ಎಂಬ ಮಾತಿಲ್ಲ. ಉಳಿದದ್ದೆಲ್ಲ ಕೈಗೆ ಸಿಗುವಂಥದ್ದು.

ಬಚ್ಚಲ ಒಲೆ ದಂಡೆಯ ಮೇಲೆ ಒಣಗಲು ಇಟ್ಟ ಸೆಟ್‌ಗಳದ್ದು ಬೇರೆಯೇ ಪಾಡು. ಚಿಪ್ಪು ಸೊಟ್ಟಗಾಗಿ ಸ್ಕ್ರೂ ಕೂರುವುದಿಲ್ಲ, ಒಳಗೆಲ್ಲ ಜಿಡ್ಡು ಮಸಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಅಕ್ಕಿ ಹಿಟ್ಟು ಬಟನ್ ಕೆಳಗೆ ಹೋಗಿ ತೇವದ ಜೊತೆ ಗಂಜಿಯಾಗುತ್ತದೆ. ಬೋರ್ಡ್ ನೆನೆದಿದ್ದರೆ ಆಲ್ಕೋಹಾಲಿನಲ್ಲಿ ಬ್ರಷ್ ಮಾಡಿ, ರಟ್ಟಿನ ಪೆಟ್ಟಿಗೆಯಲ್ಲಿ 40 ವ್ಯಾಟ್ ಹಳೇ ಬಲ್ಬ್ ಉರಿಸಿ, ಬಲ್ಬಿನಿಂದ ಒಂದು ಗೇಣು ದೂರದಲ್ಲಿ ಒಂದು ರಾತ್ರಿ ಇಡಿ. ಅಷ್ಟು ಕಾವು ಸಾಕು.

ಬ್ಯಾಟರಿ ಮತ್ತು ಚಾರ್ಜಿಂಗ್

ಗೂಡಿನಲ್ಲಿರುವುದು ಬಿಎಲ್-5ಸಿ, ಹಳೇ ಕೀಪ್ಯಾಡ್ ಫೋನಿನದೇ. 3.7 ವೋಲ್ಟ್, ಪೂರ್ತಿ ಚಾರ್ಜ್ ಆದರೆ 4.2. ಒಳ್ಳೆಯದರಲ್ಲಿ ಸುಮಾರು 1000 ಎಂಎಎಚ್ ಇರುತ್ತದೆ. ಮೇಲೆ ಬರೆದ ಸಂಖ್ಯೆಯನ್ನು ನಂಬುವ ಬದಲು ಅಳೆಯಿರಿ. 10 ಓಮ್ 5 ವ್ಯಾಟಿನ ರೆಸಿಸ್ಟರ್ ಅಡ್ಡ ಹಿಡಿದು ವೋಲ್ಟೇಜ್ ನೋಡಿ. ಸುಮಾರು 0.4 ಆಂಪಿಯರ್ ಹರಿಯುವಾಗ ಒಳ್ಳೆ ಬ್ಯಾಟರಿ 0.1 ವೋಲ್ಟ್ ಆಸುಪಾಸು ಕುಸಿಯುತ್ತದೆ. ಈ ಸೆಟ್‌ನದು 4.0 ಇದ್ದದ್ದು 3.4ಕ್ಕೆ ಬಿತ್ತು. ಅಂದರೆ ಒಳಗಿನ ತಡೆ ಸುಮಾರು 1.8 ಓಮ್. ವಾಲ್ಯೂಮ್ ಏರಿಸಿದಾಗ ಮೆನುಗೆ ಹಾರುತ್ತಿದ್ದ ಗುಟ್ಟು ಇದೇ: ಸ್ಪೀಕರ್ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಜಾರಿ ಚಿಪ್ ರಿಸೆಟ್ ಆಗುತ್ತದೆ.

ಹೊಸ ಬ್ಯಾಟರಿ ಹಾಕಿ ಸುಮ್ಮನಾದರೆ ಅದೂ ಉಬ್ಬುತ್ತದೆ. ಯಾಕೆ ಉಬ್ಬಿತು ಎಂದು ನೋಡಬೇಕು. ಚಾರ್ಜಿಗೆ ಹಾಕಿ ಬ್ಯಾಟರಿ ತುದಿಗಳಲ್ಲಿ ಮೀಟರ್ ಇಡಿ. 4.2ರಲ್ಲಿ ನಿಂತರೆ ಒಳಗೆ ಸರಿಯಾದ ಚಾರ್ಜಿಂಗ್ ಐಸಿ ಇದೆ. 4.2 ದಾಟಿ 4.3ರ ಕಡೆಗೆ ಏರುತ್ತಿದ್ದರೆ ಯುಎಸ್‌ಬಿಯ 5 ವೋಲ್ಟ್ ಬರೀ ಒಂದು ಡಯೋಡ್ ಮೂಲಕ ಬರುತ್ತಿದೆ ಎಂದೇ ಅರ್ಥ, 5ರಲ್ಲಿ 0.7 ಕಳೆದರೆ 4.3, ಅದಕ್ಕೆ ನಿಲ್ಲುವುದೇ ಗೊತ್ತಿಲ್ಲ. ರಾತ್ರಿಯಿಡೀ ಚಾರ್ಜಿಗೆ ಬಿಟ್ಟ ಬ್ಯಾಟರಿ ಇನ್ನೇನಾಗಬೇಕು?

ಟಿಪಿ4056 ಹಾಕುವುದು ಇದಕ್ಕೇ. ಮಾಡ್ಯೂಲ್ ಬಂದ ಹಾಗೇ ಬಳಸಬೇಡಿ. ಅದರ ಮೇಲೆ 122 ಎಂದು ಬರೆದ 1.2 ಕಿಲೋ ಓಮ್ ರೆಸಿಸ್ಟರ್ 1 ಆಂಪಿಯರ್ ಕೊಡುತ್ತದೆ, ಈ ಪುಟ್ಟ ಬ್ಯಾಟರಿಗೆ ಅದು ಜಾಸ್ತಿ. ಅದನ್ನು ತೆಗೆದು 3 ಕಿಲೋ ಓಮ್ ಹಾಕಿದರೆ ಸುಮಾರು 400 ಮಿಲಿ ಆಂಪಿಯರ್‌ಗೆ ಇಳಿಯುತ್ತದೆ, ಮೂರು ಗಂಟೆ ಚಿಲ್ಲರೆಯಲ್ಲಿ ತುಂಬುತ್ತದೆ. ಹಳೇ ಡಯೋಡಿನ ಒಂದು ಕಾಲು ಎತ್ತಿ. ಬಿ+ ಬಿ− ಬ್ಯಾಟರಿಗೆ, ಔಟ್+ ಔಟ್− ಬೋರ್ಡಿಗೆ. ಬ್ಯಾಟರಿಯ ನಡುವಿನ ಮೂರನೇ ಕಾಂಟ್ಯಾಕ್ಟ್ ಹಾಗೇ ಖಾಲಿ ಇರಲಿ. ಮಾಡ್ಯೂಲಿನ ಚಾರ್ಜಿಂಗ್ ಬಾಯಿ ಹಳೇ ತೂತಿಗೆ ಸರಿಯಾಗಿ ಕೂರುವುದಿಲ್ಲ; ತೂತನ್ನು ಅರದಿಂದ ದೊಡ್ಡದು ಮಾಡಿ, ಕೆಳಗೆ ಎಂ-ಸೀಲ್ ಹಾಕಿ ಗಟ್ಟಿ ಮಾಡಿ, ಹಾಟ್ ಗ್ಲೂ ಬೇಡ. ಚಾರ್ಜ್ ಆಗುತ್ತಿರುವಾಗ ಆಡಬೇಡಿ ಎಂದು ಮಕ್ಕಳಿಗೆ ಹೇಳಿ. ಸೆಟ್ ಕರೆಂಟ್ ಎಳೆಯುತ್ತಿದ್ದರೆ ಬ್ಯಾಟರಿ ತುಂಬಿತೋ ಇಲ್ಲವೋ ಮಾಡ್ಯೂಲ್‌ಗೆ ಗೊತ್ತಾಗುವುದಿಲ್ಲ.

470 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಪವರ್ ಸ್ವಿಚ್ ದಾಟಿದ ಮೇಲೆ ಪ್ಲಸ್ ಮತ್ತು ಗ್ರೌಂಡ್ ನಡುವೆ ಮಲಗಿಸಿ ಬೆಸೆಯಿರಿ. ಪಟ್ಟೆ ಇರುವ ಕಡೆ ಮೈನಸ್. ಇದಾದ ಮೇಲೆ ಪೂರ್ತಿ ವಾಲ್ಯೂಮಿನಲ್ಲೂ ಸೆಟ್ ರಿಸೆಟ್ ಆಗಲಿಲ್ಲ. ಪರದೆಯ ಮಂಕೂ ಅರ್ಧ ಇಲ್ಲೇ ಹೋಯಿತು. ಬಿಳಿ ಎಲ್‌ಇಡಿಗೆ 3 ವೋಲ್ಟ್ ಮೇಲೆ ಬೇಕು. ನಡುವೆ ಬರೀ ರೆಸಿಸ್ಟರ್ ಇದ್ದರೆ ಬ್ಯಾಟರಿ ಇಳಿದ ಹಾಗೆ ಬೆಳಕೂ ಇಳಿಯುತ್ತದೆ.

ಉಬ್ಬಿದ ಹಳೇ ಬ್ಯಾಟರಿಯನ್ನು ಚುಚ್ಚಬೇಡಿ, ಒಲೆಗೆ ಹಾಕಬೇಡಿ. ಇ-ತ್ಯಾಜ್ಯಕ್ಕೆ ಕೊಡುವ ತನಕ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಮನೆ ಹೊರಗೆ ಇರಲಿ.

ಕೆಲವು ಹಳೇ ಸೆಟ್‌ಗಳಲ್ಲಿ ಸಾದಾ ಪೆನ್ಸಿಲ್ ಸೆಲ್ ಇರುತ್ತವೆ. ಸೋರಿದರೆ ಸೆಲ್ ಯಾವುದೆಂದು ನೋಡಿ. ಆಲ್ಕಲೈನ್ ಸೋರಿಕೆ ಕ್ಷಾರ, ಅದಕ್ಕೆ ವಿನೆಗರ್ ಹಚ್ಚಿ ಒರೆಸಬೇಕು. ನಮ್ಮಲ್ಲಿ ಹೆಚ್ಚು ಓಡುವ ಅಗ್ಗದ ಜಿಂಕ್-ಕಾರ್ಬನ್ ಸೆಲ್ ಸೋರಿದರೆ ಅದು ಆಮ್ಲದ ಕಡೆಯದು. ಅಡುಗೆ ಸೋಡಾ ನೀರು ಬೇಕು, ವಿನೆಗರ್ ಹಚ್ಚಿದರೆ ಉಪಯೋಗವಿಲ್ಲ.

ಬಟನ್

ಹಾರಿ ಓಡುವ ಗೇಮಿನ ಜೀವ ಇಲ್ಲಿದೆ. ಮಾರಿಯೋದಲ್ಲಿ ಬಿ ಒತ್ತಿ ಹಿಡಿದೇ ಓಡಬೇಕು, ಅದೇ ಹೆಬ್ಬೆರಳನ್ನು ಹೊರಳಿಸಿ ಎ ಒತ್ತಿ ಹಾರಬೇಕು. ಬಿ ಅರ್ಧ ಕ್ಷಣ ಬಿಟ್ಟರೂ ಓಟ ತಪ್ಪಿ ಹಳ್ಳಕ್ಕೆ. ಕಾರಿನ ಗೇಮಿನಲ್ಲಿ ಯಾರಿಗೂ ಗೊತ್ತಾಗದ ಬಟನ್ ದೋಷ ಇಲ್ಲಿ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ.

ರಬ್ಬರ್ ಹಾಳೆ ಎತ್ತಿ. ಅದರ ಕೆಳಗೆ ಕಪ್ಪು ಕಾರ್ಬನ್ ಗುಳಿಗೆಗಳು, ಬೋರ್ಡಿನ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಒಂದಕ್ಕೊಂದು ತೂರಿದ ಪ್ಯಾಡ್. ಎರಡು ಅಳತೆ ತೆಗೆಯಿರಿ. ಒಂದು, ಏನೂ ಒತ್ತದೆ ಪ್ಯಾಡಿನ ಎರಡು ಬದಿಗಳ ನಡುವೆ: ಮೀಟರ್ ಏನನ್ನೂ ತೋರಿಸಬಾರದು. ಈ ಸೆಟ್‌ನ ಎಡ ಪ್ಯಾಡ್ ಮೊದಲು 60 ಕಿಲೋ ಓಮ್ ತೋರಿಸಿ, ಮೇಲೆ ಬಾಯಿಂದ ಹಬೆ ಊದಿದರೆ 15ಕ್ಕೆ ಇಳಿಯಿತು. ಬೆವರಿನ ಉಪ್ಪು ಹಲ್ಲುಗಳ ನಡುವೆ ಕೂತಿದೆ, ಮಳೆಗಾಲದ ತೇವ ಅದನ್ನು ತಂತಿಯಾಗಿಸುತ್ತದೆ, ಚಿಪ್ ಅದನ್ನೇ ಬಟನ್ ಒತ್ತಿದ ಹಾಗೆ ಓದುತ್ತದೆ. ಮಾರಿಯೋ ತಾನೇ ಎಡಕ್ಕೆ ನಡೆಯುತ್ತಿದ್ದದ್ದು ಹೀಗೆ. ಬೇಸಿಗೆಯಲ್ಲಿ ಅದೇ ಸೆಟ್ ಸರಿ ಇದ್ದಿರಲೂಬಹುದು. ಎರಡು, ಗುಳಿಗೆಯ ಮೇಲೆ ಮೀಟರಿನ ಎರಡೂ ಮೊನೆ ಇಟ್ಟು ಅಳೆಯಿರಿ: ಕೆಲವು ನೂರು ಓಮ್ ಒಳಗೆ ಇದ್ದರೆ ಚೆನ್ನ, ಹಲವು ಕಿಲೋ ಓಮ್ ಆದರೆ ಸವೆದಿದೆ.

ಪ್ಯಾಡನ್ನು ಆಲ್ಕೋಹಾಲಿನಲ್ಲಿ ಅದ್ದಿದ ಬಡ್ಸಿನಿಂದ ಹಲ್ಲುಗಳ ಉದ್ದಕ್ಕೆ ಒರೆಸಿ. ಬಡ್ಸ್ ಸ್ವಲ್ಪ ಕಪ್ಪಾಗುವುದು ಸಹಜ, ಒಂದೇ ಸಮ ಕಪ್ಪು ಬರುತ್ತಿದ್ದರೆ ಕಾರ್ಬನ್ ಎದ್ದು ಬರುತ್ತಿದೆ, ನಿಲ್ಲಿಸಿ. ಥಿನ್ನರ್, ಪೆಟ್ರೋಲ್ ಬೇಡ. ಸ್ಯಾಂಡ್ ಪೇಪರ್ ಅಂತೂ ಬೇಡವೇ ಬೇಡ. ಕಾರ್ಬನ್ ಪದರ ಹೋಗಿ ಕೆಳಗಿನ ತಾಮ್ರ ತೆರೆದರೆ ಮುಂದಿನ ಮಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಗುಳಿಗೆಗೆ ಪೆನ್ಸಿಲ್ ತಿಕ್ಕುವ ಉಪಾಯ ಎಲ್ಲರಿಗೂ ಗೊತ್ತು. ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಗ್ರಾಫೈಟ್ ಪುಡಿ ಉದುರಿ ಪ್ಯಾಡುಗಳ ನಡುವೆ ಬೀಳುತ್ತದೆ. ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಅಂಟಿಸುವುದು ಕಾರ್ಬನ್ ಪ್ಯಾಡನ್ನು ಗೀಚುತ್ತದೆ.

ಬಿ ಬಟನ್ನಿನ ಗುಳಿಗೆ ಒರೆಸಿದ ಮೇಲೂ 8 ಕಿಲೋ ಓಮ್‌ನಲ್ಲೇ ನಿಂತಿತು. ಇಲ್ಲಿಗೆ ಬೇಕಾದದ್ದು ಆ ಟಿವಿ ರಿಮೋಟ್. ಹೆಚ್ಚು ಬಳಸದ ಬಟನ್ನಿನ ಗುಳಿಗೆಯನ್ನು ಬ್ಲೇಡಿನಿಂದ ಅರ್ಧ ಮಿ.ಮೀ. ರಬ್ಬರ್ ಸಮೇತ ಕತ್ತರಿಸಿ. ಹಳೇ ಗುಳಿಗೆಯ ಮೇಲೆಯೇ ಕೂರಿಸಿದರೆ ದಪ್ಪವಾಗಿ ಬಟನ್ ಸದಾ ಒತ್ತಿಕೊಂಡೇ ಇರುತ್ತದೆ, ಆದ್ದರಿಂದ ಹಳೆಯದನ್ನು ಅಷ್ಟೇ ದಪ್ಪಕ್ಕೆ ಕೆತ್ತಿ ತೆಗೆಯಿರಿ. ಅಂಟು ಸಿಲಿಕೋನ್ ಸೀಲಂಟ್ ಆಗಬೇಕು, ಫೆವಿಕ್ವಿಕ್ ಈ ರಬ್ಬರನ್ನು ಹಿಡಿಯುವುದಿಲ್ಲ. ಒಂದು ದಿನ ಒಣಗಲಿ. ಅಂಟು ಗುಳಿಗೆಯ ಮುಖಕ್ಕೆ ಬಂದರೆ ಮತ್ತೆ ಮೊದಲಿಂದ.

ಇನ್ನು ನಾಲ್ಕು ದಿಕ್ಕಿನ ಬಟನ್. ಅಸಲಿ ಯಂತ್ರಗಳಲ್ಲಿ ಕೂಡು ಗುರುತಿನ ಆಕಾರದ ಆ ಬಟನ್ನಿನ ನಡುವೆ ಕೆಳಗೆ ಒಂದು ಗುಬುಟು ಇರುತ್ತದೆ. ಎಡ ಒತ್ತಿದರೆ ಬಲ ಮೇಲೇಳುತ್ತದೆ. ಅಗ್ಗದ ಸೆಟ್‌ನಲ್ಲಿ ಅದಿಲ್ಲ. ಹೆಬ್ಬೆರಳು ನಡುವೆ ಬಿದ್ದರೆ ನಾಲ್ಕೂ ಒಟ್ಟಿಗೆ ಒತ್ತಿಕೊಳ್ಳುತ್ತವೆ, ಓಡುತ್ತಿದ್ದವನು ಕುಕ್ಕರಿಸುತ್ತಾನೆ. ಎಂ-ಸೀಲಿನಿಂದ 2 ಮಿ.ಮೀ. ಎತ್ತರದ ಗುಬುಟು ಮಾಡಿ ನಡುವೆ ಅಂಟಿಸಿ, ಗಟ್ಟಿಯಾದ ಮೇಲೆ ಸ್ವಲ್ಪ ಸ್ವಲ್ಪವೇ ಉಜ್ಜಿ ಇಳಿಸಿ. ರಬ್ಬರ್ ಹಾಳೆಯ ನಡುವೆ ತೂತಿಲ್ಲದಿದ್ದರೆ ಕಾಗದದ ಪಂಚ್‌ನಿಂದ ಒಂದು ಮಾಡಿ, ಗುಬುಟು ಬೋರ್ಡನ್ನೇ ಮುಟ್ಟಬೇಕು. ಒಂದು ತುದಿ ಒತ್ತಿದಾಗ ಎದುರಿನದು ಎದ್ದು, ನಡುವೆ ಒತ್ತಿದಾಗ ಯಾವುದೂ ತಗುಲದಿದ್ದರೆ ಎತ್ತರ ಸರಿ. ಇಡೀ ರಿಪೇರಿಯಲ್ಲಿ ಆಟದ ರುಚಿ ಹೆಚ್ಚು ಬದಲಾದದ್ದು ಪುಕ್ಕಟೆಯ ಈ ಗುಬುಟಿನಿಂದಲೇ.

ವೇಗ

ಬಟನ್ ಸರಿಯಾದ ಮೇಲೂ "ಎಲ್ಲೋ ಎಳೆದ ಹಾಗಿದೆ" ಅನಿಸಿದರೆ ಅಂದಾಜು ಬೇಡ, ಗಡಿಯಾರ ಇಟ್ಟು ನೋಡಿ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಮೇಲಿನ ಟೈಮ್ ಲೆಕ್ಕ 24 ಫ್ರೇಮಿಗೆ (ಪರದೆ ಒಮ್ಮೆ ಬರೆಯುವ ಚಿತ್ರವೇ ಒಂದು ಫ್ರೇಮ್) ಒಂದು ಇಳಿಯುತ್ತದೆ. ಮಾರಿಯೋನನ್ನು ನಿಲ್ಲಿಸಿ 390ರಿಂದ 290 ಆಗುವ ತನಕ ಮೊಬೈಲಿನ ಸ್ಟಾಪ್‌ವಾಚ್ ಓಡಿಸಿ. 40 ಸೆಕೆಂಡ್ ಆದರೆ ಸೆಟ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಹರ್ಟ್ಜ್‌ನಲ್ಲಿದೆ, 48 ಆದರೆ 50 ಹರ್ಟ್ಜ್. ನಮ್ಮ ಟಿವಿಗಳ ಪಾಲ್ ಪದ್ಧತಿಗೆಂದು ಮಾಡಿದ ನಕಲು ಚಿಪ್‌ಗಳು 50ರಲ್ಲಿ ಓಡುತ್ತವೆ, ಆಟ ಆರರಲ್ಲಿ ಒಂದು ಪಾಲು ನಿಧಾನ. ಹಾಡಿನ ಸ್ವರ ಹೆಚ್ಚುಕಡಿಮೆ ಅದೇ ಇರುತ್ತದೆ, ಲಯ ಮಾತ್ರ ಜಗ್ಗುತ್ತದೆ. ಅದಕ್ಕೇ ಏನು ತಪ್ಪಿದೆ ಎಂದು ತಟ್ಟನೆ ಹೇಳಲಾಗುವುದಿಲ್ಲ.

ಹಳೇ ಮಾದರಿಯ ಚಿಪ್ ಆದರೆ ಅದಕ್ಕೆ ತಾಳ ಕೊಡುವ ಕ್ರಿಸ್ಟಲ್ ಮೇಲೆ 26.60 (ಮೆಗಾಹರ್ಟ್ಜ್) ಎಂದಿರುತ್ತದೆ, 60 ಹರ್ಟ್ಜ್‌ನದ್ದಕ್ಕೆ 21.47. ಕ್ರಿಸ್ಟಲ್ ಬದಲಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಪಾಲ್ ಚಿಪ್ ಪ್ರತಿ ಫ್ರೇಮಿಗೆ ಹೆಚ್ಚು ಗೆರೆ ಎಣಿಸುತ್ತದೆ, 21.47 ಹಾಕಿದರೆ 50 ಇದ್ದದ್ದು 40ಕ್ಕೆ ಬೀಳುತ್ತದೆ. ಮೆನುವಿನಲ್ಲಿ ಎನ್‌ಟಿಎಸ್‌ಸಿ ಅಂದರೆ 60 ಹರ್ಟ್ಜ್ ಪದ್ಧತಿಯ ಆಯ್ಕೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಧ್ವನಿಯದ್ದೂ ಅರ್ಧ ಇದೇ ಕಥೆ. ಸ್ಪೀಕರ್ ಗರಗರ ಎಂದರೆ 8 ಓಮಿನದು ತಂದು ಹಾಕಿ. ಮೀಟರಿನಲ್ಲಿ 7 ಚಿಲ್ಲರೆ ತೋರಿಸುತ್ತದೆ, ಅದು ಸರಿಯೇ. ಆದರೆ ಕೆಲವು ನಕಲು ಚಿಪ್‌ಗಳಲ್ಲಿ ಹಾಡಿನ ಸ್ವರ ಹುಟ್ಟಿಸುವ ಚೌಕ ಅಲೆಯ 25% ಮತ್ತು 50% ಅಗಲ ಅದಲುಬದಲಾಗಿರುತ್ತದೆ. ಪರಿಚಿತ ಹಾಡು ಮೂಗಿನಲ್ಲಿ ಹಾಡಿದ ಹಾಗೆ ಕೇಳುವುದು ಅದಕ್ಕೆ, ಬೊಟ್ಟಿನ ಕೆಳಗಿನ ಮಾತು ಅದು.

ಚಿತ್ರ

ಈಗ ಹಳೇ ದೂರಿಗೆ. ಮಾರಿಯೋದ ಚಿತ್ರ 256 ಪಿಕ್ಸೆಲ್ ಅಗಲ, ಅಂದರೆ 16 ಪಿಕ್ಸೆಲ್‌ನ 16 ಇಟ್ಟಿಗೆ. ಅಗ್ಗದ ಸೆಟ್‌ನ ಪರದೆ 320×240 ಆಗಿದ್ದರೆ ಪಿಕ್ಸೆಲ್‌ಗಳ ಪ್ರತಿ ನಾಲ್ಕು ಕಂಬ ಐದಾಗಬೇಕು. ನಯ ಮಾಡದೆ ಹಿಗ್ಗಿಸಿದರೆ ನಾಲ್ಕರಲ್ಲಿ ಒಂದು ಕಂಬ ಎರಡೆರಡು ಬಾರಿ ಬರುತ್ತದೆ. ಮಾರಿಯೋ ನಡೆಯುವಾಗ ಅವನ ಹೊಟ್ಟೆ ಉಬ್ಬಿ ತಗ್ಗಿದ ಹಾಗೆ ಕಾಣುವುದು ಅದೇ. ಅಸಹ್ಯ ನಿಜ. ಆದರೆ ಹದಿನಾರು ಇಟ್ಟಿಗೆಯೂ ಅಲ್ಲಿವೆ.

ನಿಂಟೆಂಡೊದ ಕೈಗೇಮ್ ಯಂತ್ರ ಗೇಮ್ ಬಾಯ್ ಕಲರ್‌ಗೆ 1999ರಲ್ಲಿ ಬಂದ ಆವೃತ್ತಿ ಸೂಪರ್ ಮಾರಿಯೋ ಬ್ರದರ್ಸ್ ಡಿಲಕ್ಸ್ ನೋಡಿ. ಬಣ್ಣ ಚೆಂದ, ಕೆಲಸ ಅಚ್ಚುಕಟ್ಟು, ಆದರೆ ಪರದೆ 160×144. ಅಗಲಕ್ಕೆ ಹತ್ತೇ ಇಟ್ಟಿಗೆ. ಮೇಲೆ ಕೆಳಗೆ ಏನಿದೆ ನೋಡಲು ಬಟನ್ ಒತ್ತಿ ಚಿತ್ರ ಸರಿಸಬೇಕು. ಪೂರ್ತಿ ಓಟದಲ್ಲಿ ಮಾರಿಯೋ ಫ್ರೇಮಿಗೆ ಸುಮಾರು ಎರಡೂವರೆ ಪಿಕ್ಸೆಲ್ ಹೋಗುತ್ತಾನೆ. ಅವನು ನಟ್ಟನಡುವೆ ಇದ್ದಾನೆ ಎಂದುಕೊಂಡರೆ ಟಿವಿಯಲ್ಲಿ ಮುಂದಿನ 128 ಪಿಕ್ಸೆಲ್ ದಾಟಲು 51 ಫ್ರೇಮ್, ಗೇಮ್ ಬಾಯ್‌ನಲ್ಲಿ 80 ಪಿಕ್ಸೆಲ್‌ಗೆ 32. ಹಳ್ಳ ಕಂಡು ಹಾರಲು ಸಿಗುವ ಹೊತ್ತು 0.85 ಸೆಕೆಂಡಿನಿಂದ 0.53ಕ್ಕೆ ಇಳಿಯಿತು. ಗೇಮಿನ ನಕ್ಷೆ ಮಾತ್ರ ಮೊದಲಿನದ್ದೇ.

1992ರ ಸೋನಿಕ್ 2 ಇದಕ್ಕಿಂತ ನಿರ್ದಯ. ಸೆಗಾ ಕಂಪನಿಯ ಟಿವಿ ಯಂತ್ರ ಮಾಸ್ಟರ್ ಸಿಸ್ಟಮ್‌ನಲ್ಲಿ 256×192 ಕಾಣುತ್ತಿದ್ದದ್ದು ಅದೇ ಕಂಪನಿಯ ಕೈಯಂತ್ರ ಗೇಮ್ ಗಿಯರ್‌ನಲ್ಲಿ 160×144. ಮೊದಲ ವಲಯದ ಕೊನೆಯಲ್ಲಿ ಇಳಿಜಾರಿನ ಮೇಲೆ ಪುಟಿದು ಬರುವ ಗುಂಡುಗಳನ್ನು ತಪ್ಪಿಸಬೇಕು; ಸಣ್ಣ ಪರದೆಯಲ್ಲಿ ಅವು ಕಾಣುವುದೇ ಮೈಮೇಲೆ ಬಂದಾಗ. 2006ರ ಗೇಮ್ ಬಾಯ್ ಅಡ್ವಾನ್ಸ್‌ನ ಸೋನಿಕ್‌ಗೆ ಆ ನೆಪವೂ ಪೂರ್ತಿ ಇಲ್ಲ. 320×224ರ ಚಿತ್ರ 240×160ಕ್ಕೆ ಕತ್ತರಿಸಿಹೋಯಿತು, ಒಪ್ಪೋಣ. ಆದರೆ ಸೆಗಾದ ಟಿವಿ ಯಂತ್ರ ಮೆಗಾ ಡ್ರೈವ್‌ನ 7.6 ಮೆಗಾಹರ್ಟ್ಜ್ ಪ್ರೊಸೆಸರ್ ಸಲೀಸಾಗಿ ಓಡಿಸಿದ ಆಟವನ್ನು 16.78 ಮೆಗಾಹರ್ಟ್ಜ್ ಯಂತ್ರದಲ್ಲಿ ಕುಂಟಿಸಿದ್ದು ಯಂತ್ರದ ಬಡತನವಲ್ಲ.

ಸಣ್ಣ ಪರದೆಯೇ ಶಾಪ ಎಂದಲ್ಲ. 1989ರ ಸೂಪರ್ ಮಾರಿಯೋ ಲ್ಯಾಂಡ್‌ನಲ್ಲಿ ಬೊಂಬೆಯನ್ನೇ ಪುಟ್ಟದು ಮಾಡಿ ಮುಂದಿನ ದಾರಿ ಉಳಿಸಿಕೊಂಡರು. 1994ರ ಗೇಮ್ ಬಾಯ್ ಡಾಂಕಿ ಕಾಂಗ್ ಆ 160×144ಕ್ಕೆಂದೇ ಕಟ್ಟಿದ ಹಂತಗಳಿಂದ ಇಂದಿಗೂ ಆಡಿಸಿಕೊಳ್ಳುತ್ತದೆ. ಈ 400ರ ಪಟ್ಟಿಯಲ್ಲಿ ಅವು ಇರಲು ಸಾಧ್ಯವಿಲ್ಲ, ಯಂತ್ರದ ಜಾತಿಯೇ ಬೇರೆ. ಪಟ್ಟಿಯಲ್ಲಿರುವ ಗೇಮುಗಳೇ ಹೆಸರು ಬದಲಿಸಿ ಮತ್ತೆ ಬರುತ್ತವೆ ಎಂಬುದು ಹೇಗೂ ಎಲ್ಲರಿಗೂ ಗೊತ್ತು.

ಮುಚ್ಚುವ ಮೊದಲು

ಮುಂದಿನ ಪ್ಲಾಸ್ಟಿಕ್ ಗಾಜಿನ ಒಳಬದಿಯ ಬೂಷ್ಟನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಲ್‌ಸಿಡಿ ಮೇಲ್ಮೈಗೆ ಆಲ್ಕೋಹಾಲ್ ತಾಗಿಸಬೇಡಿ, ಹಿಂಡಿದ ಮೈಕ್ರೋಫೈಬರ್ ಬಟ್ಟೆ ಸಾಕು. ಸ್ಕ್ರೂ ಬಿಗಿ ಮಾಡುವಾಗ ಬಟನ್‌ಗಳ ಹತ್ತಿರದವನ್ನು ಕೊನೆಗೆ, ಹಗುರವಾಗಿ ತಿರುಗಿಸಿ. ಅಲ್ಲಿ ಬಿಗಿ ಜಾಸ್ತಿಯಾದರೆ ಬೋರ್ಡ್ ಬಾಗಿ ಬಟನ್ ತಾನೇ ಒತ್ತಿಕೊಳ್ಳುತ್ತದೆ. ಆಮೇಲೆ ಒಂದು ಪರೀಕ್ಷೆ: ಬಿ ಹಿಡಿದು ಓಡುತ್ತಾ ಎ ಹೊರಳಿಸಿ, ಮೊದಲ ಹಂತ ವಾಲ್ಯೂಮ್ ಪೂರ್ತಿ ಇಟ್ಟು ಒಮ್ಮೆ ಮುಗಿಸಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಆಡದೆ ಇಡುವುದಾದರೆ ಬ್ಯಾಟರಿಯನ್ನು 3.8 ವೋಲ್ಟ್ ಆಸುಪಾಸಿನಲ್ಲಿ ತೆಗೆದು, ಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಜಿಪ್ ಕವರಿನಲ್ಲಿ ಹಾಕಿ. ಅಟ್ಟದ ಮೇಲೆ ಬೇಡ. ಬೊಟ್ಟು ಕೆಟ್ಟ ಸೆಟ್ ಸಿಕ್ಕರೆ ಎಸೆಯಬೇಡಿ: ರಬ್ಬರ್ ಹಾಳೆ, ಸ್ಪೀಕರ್, ಪ್ಲಾಸ್ಟಿಕ್ ಗಾಜು ಮೂರೂ ಮುಂದಿನ ಸೆಟ್‌ಗೆ ಬರುತ್ತವೆ. ಗುಳಿಗೆಗಳನ್ನು ಮಾತ್ರ ತೆಗೆದಿಡುವ ಮೊದಲು ಅಳೆದು, ಚೆನ್ನಾಗಿರುವವಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿಡಿ.